ಗಡ್ಡೆ ಇಲ್ಲಿಯದು, ನಕ್ಷೆ ಎಲ್ಲಿಯದು?

ಮುಂಬಯಿಯ ಪ್ರಭಾದೇವಿ ನಿಲ್ದಾಣ ಪಶ್ಚಿಮ ರೈಲ್ವೆಯದು, ಪರೇಲ್ ನಿಲ್ದಾಣ ಮಧ್ಯ ರೈಲ್ವೆಯದು. ಒಂದು ಸಾಲು ಚರ್ಚ್‌ಗೇಟಿಗೆ ಹೋಗುತ್ತದೆ, ಇನ್ನೊಂದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ. ನಿಲ್ದಾಣಗಳ ಪಟ್ಟಿಯನ್ನಷ್ಟೇ ಓದಿದವರಿಗೆ ಈ ಎರಡಕ್ಕೂ ಸಂಬಂಧವೇ ಕಾಣುವುದಿಲ್ಲ. ಅಲ್ಲಿ ಇಳಿದವರಿಗೆ ಮಾತ್ರ ಗೊತ್ತು, ಎರಡೂ ಅಕ್ಕಪಕ್ಕದಲ್ಲಿವೆ, ನಡುವೆ ಪಾದಚಾರಿ ಸೇತುವೆ ಇದೆ. ಪ್ಲಾಸ್ಟಿಕ್ ಚೀಲದಲ್ಲಿ ಸ್ಕ್ಯಾನ್ ಫಿಲ್ಮುಗಳನ್ನು ಹಿಡಿದು ಪಶ್ಚಿಮದ ಉಪನಗರಗಳಿಂದ ಬರುವವರು ಆ ಸೇತುವೆ ದಾಟಿ ಅರ್ನೆಸ್ಟ್ ಬೋರ್ಜಿಸ್ ರಸ್ತೆಯ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ನಡೆಯುತ್ತಾರೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು ದಾದರಿನಲ್ಲಿ ಇಳಿದು ಅದೇ ರಸ್ತೆಗೆ ಬಂದು ಸೇರುತ್ತಾರೆ.

ನಿಲ್ದಾಣಗಳ ಪಟ್ಟಿಗೂ ನಡುವಿನ ಸೇತುವೆಗೂ ಇರುವ ವ್ಯತ್ಯಾಸವೇ ಇಂದಿನ ಕ್ಯಾನ್ಸರ್ ವಿಜ್ಞಾನದ ಒಂದು ದೊಡ್ಡ ಪ್ರಶ್ನೆ. ಭಾರತ ತನ್ನ ಕ್ಯಾನ್ಸರಿನ ಜೀನುಗಳ ಪಟ್ಟಿ ಮಾಡುವುದನ್ನು ಕಲಿತಿದೆ. ಸೇತುವೆಗಳ ನಕ್ಷೆ ಬರೆಯುವ ಕೆಲಸವನ್ನು ಮಾತ್ರ ಬೇರೆಯವರಿಗೆ ಬಿಟ್ಟುಕೊಟ್ಟಿದೆ. ಗಡ್ಡೆಗಳು ಪರೇಲಿನಲ್ಲಿ ರಾಶಿ ಬಿದ್ದಿರುವಾಗ ನಕ್ಷೆಗೆ ಬಾಸ್ಟನ್ನಿನ, ಸಿಂಗಪುರದ ಮುಖ ನೋಡುವುದು ಬಡತನದ ಲಕ್ಷಣವಲ್ಲ, ಅಭ್ಯಾಸಬಲ. ಅಭ್ಯಾಸವಾದ್ದರಿಂದಲೇ ಅದನ್ನು ಬಿಡಬಹುದು, ಬಿಡಬೇಕು.

ಮಡಿಕೆಯಲ್ಲಿ ಸಿಗುವ ನೆಂಟಸ್ತನ

ಮನುಷ್ಯನ ಪ್ರತಿ ಜೀವಕೋಶದಲ್ಲಿ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದನ್ನು ಹಿಡಿದಿಟ್ಟಿರುವ ಕೋಶಕೇಂದ್ರದ ಅಗಲ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಹಿಸ್ಟೋನ್ ಎಂಬ ಪ್ರೊಟೀನುಗಳ ಸುತ್ತ ಸುತ್ತಿಕೊಂಡು, ಮಡಿಕೆ ಮೇಲೆ ಮಡಿಕೆಯಾಗಿ ಕುಳಿತಿರುವ ಈ ಎಳೆಗೆ ಕ್ರೊಮ್ಯಾಟಿನ್ ಎಂದು ಹೆಸರು. ಸೀರೆಯನ್ನು ಹರಡಿದಾಗ ಸೆರಗು ಒಂದು ತುದಿ, ಒಳಅಂಚು ಇನ್ನೊಂದು ತುದಿ. ಮಡಿಸಿ ಪೆಟ್ಟಿಗೆಯಲ್ಲಿಟ್ಟಾಗ ಅವೆರಡೂ ಒಂದಕ್ಕೊಂದು ತಾಗಿಕೊಂಡಿರಬಹುದು. ಡಿಎನ್‌ಎಯದ್ದೂ ಇದೇ ಕಥೆ.

ತಾಗುವುದರಿಂದ ಏನಾಗುತ್ತದೆ? ಜೀನುಗಳು ತಾವಾಗಿ ಹೊತ್ತಿಕೊಳ್ಳುವುದಿಲ್ಲ. ಅವನ್ನು ಹೊತ್ತಿಸುವ ಸ್ವಿಚ್ಚುಗಳು ಡಿಎನ್‌ಎಯಲ್ಲೇ ಇರುತ್ತವೆ, ಹಲವು ಸಲ ಜೀನಿನಿಂದ ಲಕ್ಷಾಂತರ ಅಕ್ಷರಗಳಷ್ಟು ದೂರದಲ್ಲಿ. ಎಳೆ ಮಡಿಸಿಕೊಂಡಾಗ ಸ್ವಿಚ್ಚು ಜೀನಿನ ಹತ್ತಿರಕ್ಕೆ ಬರುತ್ತದೆ. ಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಒಂದು ಅಕ್ಷರಭೇದ 8ನೇ ವರ್ಣತಂತುವಿನಲ್ಲಿದೆ. ಅದರ ಸುತ್ತಮುತ್ತ ಪ್ರೊಟೀನು ತಯಾರಿಸುವ ಜೀನೇ ಇಲ್ಲದ ಬಯಲು ಕಂಡು ವಿಜ್ಞಾನಿಗಳು ಕಂಗೆಟ್ಟಿದ್ದರು. ಅದು 3,35,000 ಅಕ್ಷರಗಳಾಚೆ ಇರುವ ಮಿಕ್ ಎಂಬ ಕುಖ್ಯಾತ ಕ್ಯಾನ್ಸರ್ ಜೀನನ್ನು ಮಡಿಕೆಯ ಮೂಲಕ ಮುಟ್ಟುತ್ತದೆ ಎಂಬುದು 2009ರಲ್ಲಿ ತಿಳಿಯಿತು. ಪಟ್ಟಿ ಎಷ್ಟು ಓದಿದರೂ ಅದು ಸಿಗುತ್ತಿರಲಿಲ್ಲ.

ಈ ಸ್ಪರ್ಶಗಳನ್ನು ಹಿಡಿಯುವ ವಿಧಾನ ಸರಳ. ಜೀವಕೋಶಗಳನ್ನು ಫಾರ್ಮಾಲ್ಡಿಹೈಡ್‌ನಲ್ಲಿ ಅದ್ದಿದರೆ ತಾಗಿಕೊಂಡಿದ್ದ ಭಾಗಗಳು ಹಾಗೆಯೇ ಅಂಟಿಕೊಳ್ಳುತ್ತವೆ. ನಂತರ ಡಿಎನ್‌ಎಯನ್ನು ಕಿಣ್ವದಿಂದ ತುಂಡರಿಸಿ, ಹತ್ತಿರವಿದ್ದ ತುದಿಗಳನ್ನು ಒಂದಕ್ಕೊಂದು ಹೊಲಿದು, ಹೊಲಿದ ತುಂಡುಗಳನ್ನು ಓದುತ್ತಾರೆ. ಎರಡು ದೂರದ ಊರುಗಳ ಅಕ್ಷರ ಒಂದೇ ತುಂಡಿನಲ್ಲಿ ಸಿಕ್ಕರೆ, ಆ ಊರುಗಳ ನಡುವೆ ಸೇತುವೆ ಇತ್ತು ಎಂದರ್ಥ. 2002ರಲ್ಲಿ ಯೋಬ್ ಡೆಕ್ಕರ್ ಇದನ್ನು ಒಂದೊಂದು ಜಾಗಕ್ಕೆ ಮಾಡಿ ತೋರಿಸಿದರು. 2009ರಲ್ಲಿ ಡೆಕ್ಕರ್ ಮತ್ತು ಎರೆಜ್ ಲೀಬರ್‌ಮನ್ ಐಡನ್ ಅವರ ತಂಡ ಇಡೀ ಜೀನೋಮಿಗೆ ವಿಸ್ತರಿಸಿತು. ಆ ವಿಧಾನದ ಹೆಸರು ಹೈ-ಸಿ. 2014ರಲ್ಲಿ ಒಂದೇ ಬಗೆಯ ಕೋಶಗಳಿಂದ 490 ಕೋಟಿ ಸ್ಪರ್ಶಗಳನ್ನು ಎಣಿಸಿ, ಸುಮಾರು 10,000 ಕುಣಿಕೆಗಳನ್ನು ಗುರುತಿಸಿದ ನಕ್ಷೆ ಬಂತು.

ಕ್ಯಾನ್ಸರ್ ಈ ಮಡಿಕೆಗಳನ್ನು ಕದಡುತ್ತದೆ. ಒಂದು ಬಗೆಯ ರಕ್ತಕ್ಯಾನ್ಸರಿನಲ್ಲಿ 3ನೇ ವರ್ಣತಂತು ತಿರುಚಿಕೊಂಡು, ಗಾಟಾ2 ಜೀನಿಗೆ ಸೇರಿದ ಸ್ವಿಚ್ಚು ಇವಿಐ1 ಎಂಬ ಅಪಾಯಕಾರಿ ಜೀನಿನ ಪಾಲಾಗುತ್ತದೆ ಎಂದು 2014ರಲ್ಲಿ ಸಾಬೀತಾಯಿತು. ಅಲ್ಲಿ ಯಾವ ಜೀನಿನ ಕಾಗುಣಿತವೂ ತಪ್ಪಿರಲಿಲ್ಲ. ತಪ್ಪಿದ್ದು ವಿಳಾಸ. ಜೀನುಗಳ ಕಾಗುಣಿತ ತಿದ್ದುವುದಷ್ಟನ್ನೇ ಕ್ಯಾನ್ಸರ್ ಜೀವವಿಜ್ಞಾನ ಎಂದುಕೊಂಡವರು ಇಂಥ ತಪ್ಪನ್ನು ಎಂದಿಗೂ ಕಾಣಲಾರರು.

ಯಾರ ಕೋಶ, ಯಾರ ನಕ್ಷೆ

ಈ ವಿದ್ಯೆಯ ಮೂಲನಕ್ಷೆಗಳು ಯಾರ ದೇಹದಿಂದ ಬಂದವು? 2009ರ ಮೊದಲ ಹೈ-ಸಿ ನಕ್ಷೆಯಲ್ಲಿದ್ದ ಕ್ಯಾನ್ಸರ್ ಕೋಶ ಕೆ562, ರಕ್ತಕ್ಯಾನ್ಸರ್ ಇದ್ದ ಒಬ್ಬ ಮಹಿಳೆಯದು. ಅದೇ ವರ್ಷ ಸಿಂಗಪುರದ ಜೀನೋಮ್ ಸಂಸ್ಥೆಯಲ್ಲಿ ಮೆಲಿಸ್ಸಾ ಫುಲ್‌ವುಡ್ ಮತ್ತು ಯಿಜುನ್ ರುವಾನ್ ಅವರ ತಂಡ ಈಸ್ಟ್ರೋಜೆನ್ ಗ್ರಾಹಕ ಕುಳಿತ ಕಡೆಯ ದೂರಸ್ಪರ್ಶಗಳನ್ನೆಲ್ಲ ಹಿಡಿದು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು. ಬಳಸಿದ್ದು ಎಂಸಿಎಫ್-7 ಎಂಬ ಸ್ತನಕ್ಯಾನ್ಸರ್ ಕೋಶಸಾಲು, 1970ರ ದಶಕದಲ್ಲಿ ಮಿಷಿಗನ್‌ನ ಒಬ್ಬ ಕ್ರೈಸ್ತ ಸನ್ಯಾಸಿನಿಯ ದೇಹದಿಂದ ತೆಗೆದದ್ದು. ಗರ್ಭಕಂಠದ ಕ್ಯಾನ್ಸರಿಗೆ ಜಗತ್ತು ನೆಚ್ಚಿಕೊಂಡದ್ದು ಹೀಲಾ ಕೋಶ, 1951ರಲ್ಲಿ ಬಾಲ್ಟಿಮೋರಿನ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪುವರ್ಣೀಯ ಮಹಿಳೆಯಿಂದ ಕೇಳದೆಯೇ ತೆಗೆದುಕೊಂಡದ್ದು. ಆ ಹೀಲಾ ಕೋಶದಲ್ಲಿ ಪ್ಯಾಪಿಲೋಮಾ ವೈರಾಣುವಿನ ತುಂಡು ಮಿಕ್ ಜೀನಿನಿಂದ ಸುಮಾರು 5 ಲಕ್ಷ ಅಕ್ಷರಗಳಾಚೆ ಸೇರಿಕೊಂಡು, ಮಡಿಕೆಯ ಮೂಲಕ ಅದನ್ನು ಕೆರಳಿಸುತ್ತದೆ ಎಂದು 2013ರಲ್ಲಿ ಗೊತ್ತಾಯಿತು.

ಈ ಕೋಶಗಳಿಂದ ವಿಜ್ಞಾನಕ್ಕೆ ಆದ ಉಪಕಾರ ದೊಡ್ಡದು. ಆದರೆ ದಶಕಗಟ್ಟಲೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆದ ಕೋಶ ಮೂಲ ರೋಗಿಯ ಗಡ್ಡೆಯಾಗಿ ಉಳಿಯುವುದಿಲ್ಲ. ಬೇರೆ ಬೇರೆ ಪ್ರಯೋಗಾಲಯಗಳ ಹೀಲಾ ಕೋಶಗಳೇ ಒಂದನ್ನೊಂದು ಹೋಲುವುದಿಲ್ಲ ಎಂದು 2019ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಕಂಡುಬಂತು. ಅದಕ್ಕಿಂತ ಮುಖ್ಯವಾದ ಮಾತು ಬೇರೆ. ಸಿಂಗಪುರ ಮುಂಬಯಿಗಿಂತ ಕಡಿಮೆ ಜನರಿರುವ ದೇಶ. ಅದು 2009ರಲ್ಲೇ ಈ ಪ್ರಶ್ನೆ ತನ್ನದು ಎಂದು ನಿರ್ಧರಿಸಿ ಯಂತ್ರ ಕೊಂಡಿತು, ಜನರನ್ನು ಕರೆಸಿತು. ಮುಂಬಯಿಗೆ ಆಗಲೇ ಅರ್ಧ ಶತಮಾನಕ್ಕೂ ಹೆಚ್ಚಿನ ಕ್ಯಾನ್ಸರ್ ಅನುಭವವಿತ್ತು. ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆದದ್ದು 1941ರಲ್ಲಿ. ವಿ. ಆರ್. ಖಾನೋಲ್ಕರ್ ಅವರ ನಾಯಕತ್ವದಲ್ಲಿ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರ ಪರೇಲಿನಲ್ಲಿ ಆರಂಭವಾದದ್ದು 1952ರಲ್ಲಿ. ಅದರ ಉತ್ತರಾಧಿಕಾರಿ ಸಂಸ್ಥೆ ಆಕ್ಟ್ರೆಕ್ ಈಗ ನವಿ ಮುಂಬಯಿಯ ಖಾರ್ಘರ್‌ನಲ್ಲಿದೆ. ಆಸ್ಪತ್ರೆಯೂ ಸಂಶೋಧನಾಲಯವೂ 1962ರಿಂದ ಅಣುಶಕ್ತಿ ಇಲಾಖೆಯ ಆಶ್ರಯದಲ್ಲಿವೆ. ಟ್ರಾಂಬೆಯಲ್ಲಿ ಪರಮಾಣುವನ್ನು ಒಡೆಯಲು ದುಡ್ಡಿರುವ ಇಲಾಖೆಗೆ ಖಾರ್ಘರ್‌ನಲ್ಲಿ ಡಿಎನ್‌ಎಯ ಮಡಿಕೆ ಬಿಡಿಸಲು ದುಡ್ಡಿಲ್ಲ ಎನ್ನುವ ಮಾತು ನಂಬುವಂಥದ್ದಲ್ಲ.

ಅಡಿಕೆ ತೋಟದಿಂದ ಪರೇಲಿಗೆ

ಸ್ತನದ ಕ್ಯಾನ್ಸರನ್ನು ಅಮೆರಿಕ ಓದುತ್ತದೆ, ಏಕೆಂದರೆ ಅದು ಅಮೆರಿಕದ ಮನೆಮನೆಯಲ್ಲಿದೆ. ಕೆನ್ನೆಯ ಒಳಭಾಗ ಮತ್ತು ವಸಡಿನ ನಡುವಿನ ಕ್ಯಾನ್ಸರನ್ನು ಯಾರು ಓದಬೇಕು? 2022ರಲ್ಲಿ ಜಗತ್ತಿನಲ್ಲಿ ಪತ್ತೆಯಾದ ಬಾಯಿಯ ಕ್ಯಾನ್ಸರುಗಳು ಸುಮಾರು 3,89,800. ಅವುಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆಯೇ ಕಾರಣ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರಲ್ಲಿ ಅಂದಾಜಿಸಿತು. ಆ 1,20,200ರಲ್ಲಿ 83,400 ಭಾರತದವು. ಜಗತ್ತಿನ ಇಂಥ ಕ್ಯಾನ್ಸರುಗಳ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಹೊರೆ ಒಂದೇ ದೇಶದ ಬಾಯಲ್ಲಿದೆ.

ಕನ್ನಡಿಗರಿಗೆ ಈ ಅಂಕಿ ಇನ್ನೂ ಹತ್ತಿರದ್ದು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ಶಿವಮೊಗ್ಗ, ದಾವಣಗೆರೆ, ಉತ್ತರ ಕನ್ನಡ, ದಕ್ಷಿಣ ಕನ್ನಡದ ತೋಟಗಳಿಂದ ಹೊರಟ ಚೀಲಗಳು ಉತ್ತರ ಭಾರತದ ಪಾನ್ ಮಸಾಲೆ ಕಾರ್ಖಾನೆಗಳನ್ನು ಸೇರುತ್ತವೆ. ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು. ವ್ಯಾಪಾರಿಗಳು ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಮಾರಿದರು, ಗಿರಾಕಿ ಬಾಯಲ್ಲೇ ಬೆರೆಸಿಕೊಂಡ. ತಂಬಾಕು ಇಲ್ಲದೆಯೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ಅದೇ ಅಂತರರಾಷ್ಟ್ರೀಯ ಸಂಸ್ಥೆ 2004ರ ತನ್ನ ಸಂಪುಟದಲ್ಲಿ ದಾಖಲಿಸಿತು. ಅಂದಿನಿಂದ ಮಲೆನಾಡು, ಕರಾವಳಿಯ ರಾಜಕಾರಣದಲ್ಲಿ ಪಕ್ಷಭೇದವಿಲ್ಲದೆ ಒಂದೇ ಕೂಗು: ಅಡಿಕೆ ನಿರಪಾಯಕಾರಿ ಎಂದು ಸಂಶೋಧನೆ ಮಾಡಿಸಿ. ಉತ್ತರವನ್ನು ಮೊದಲೇ ಬರೆದು ಪ್ರಯೋಗ ಹುಡುಕುವುದಕ್ಕೆ ಸಂಶೋಧನೆ ಎಂಬ ಹೆಸರು ಒಪ್ಪುವುದಿಲ್ಲ. ಬೆಳೆಗಾರನ ಬದುಕು ನಿಜವಾದ ಪ್ರಶ್ನೆ, ಅದಕ್ಕೆ ನಿಜವಾದ ಉತ್ತರ ಬೇಕು. ಅಗಿಯುವವನ ಕೆನ್ನೆಯಲ್ಲಿ ಏನಾಗುತ್ತಿದೆ ಎಂಬುದನ್ನು ಮುಚ್ಚಿಟ್ಟು ಆ ಉತ್ತರ ಸಿಗದು.

ಪರೇಲಿಗೆ ಈ ಕೆನ್ನೆಯ ಪರಿಚಯ ಹಳೆಯದು. ಬಾಯಿ ಬಿಗಿದುಕೊಂಡು ತೆರೆಯಲಾಗದಂತೆ ಮಾಡುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಕಾಯಿಲೆ ಕ್ಯಾನ್ಸರಿಗೆ ತಿರುಗುತ್ತದೆ ಎಂದು ಟಾಟಾ ಆಸ್ಪತ್ರೆಯ ಪೇಮಾಸ್ಟರ್ 1956ರಲ್ಲೇ ಬರೆದರು. ಅಡಿಕೆ ಅಗಿಯುವವರ ಕಾಯಿಲೆ ಅದು. 1990ರಲ್ಲಿ ಅಲ್ಲಿನ ಸಂಶೋಧಕರು ಬಾಯಿಯ ಗಡ್ಡೆಗಳಿಂದ ನಾಲ್ಕು ಹೊಸ ಕೋಶಸಾಲುಗಳನ್ನು ಬೆಳೆಸಿದರು. ಅಂದರೆ ಎಂಸಿಎಫ್-7ಕ್ಕೆ ಮುಂಬಯಿಯ ಉತ್ತರ ಮೂರು ದಶಕಗಳ ಹಿಂದೆಯೇ ಸಿದ್ಧವಿತ್ತು.

2013ರಲ್ಲಿ ಇನ್ನೂ ದೊಡ್ಡ ಅವಕಾಶ ಬಂತು. ಅಂತರರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಒಕ್ಕೂಟದಲ್ಲಿ ಭಾರತ ಆರಿಸಿಕೊಂಡದ್ದು ಇದೇ ಕೆನ್ನೆ-ವಸಡಿನ ಕ್ಯಾನ್ಸರನ್ನು. ಪಶ್ಚಿಮ ಬಂಗಾಳದ ಕಲ್ಯಾಣಿಯ ರಾಷ್ಟ್ರೀಯ ಜೈವಿಕ ವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆ ಮತ್ತು ಖಾರ್ಘರ್‌ನ ಆಕ್ಟ್ರೆಕ್ ಸೇರಿ ಗಡ್ಡೆಗಳ ಜೀನುಗಳನ್ನು ಓದಿದವು. ಹಳೆಯ ಅಪರಾಧಿಗಳ ಜೊತೆಗೆ ಈ ಕ್ಯಾನ್ಸರಿಗೇ ವಿಶೇಷವೆನಿಸಿದ ಐದು ಜೀನುಗಳು ಸಿಕ್ಕವು. ಅವುಗಳಲ್ಲಿ ಎರಡರ ಹೆಸರು ಎಂಎಲ್‌ಎಲ್4 ಮತ್ತು ಎಆರ್‌ಐಡಿ2. ಮೊದಲನೆಯದು ಹಿಸ್ಟೋನುಗಳ ಮೇಲೆ ರಾಸಾಯನಿಕ ಗುರುತು ಹಾಕುವ ಪ್ರೊಟೀನು. ಎರಡನೆಯದು ಕ್ರೊಮ್ಯಾಟಿನ್ನಿನ ಸುತ್ತುಗಳನ್ನು ಸರಿಸಿ ದಾರಿ ಮಾಡುವ ಯಂತ್ರದ ಬಿಡಿಭಾಗ. ಕ್ರೊಮ್ಯಾಟಿನ್ನನ್ನು ನಿಭಾಯಿಸುವ ಕೈಗಳೇ ಇಲ್ಲಿ ಮುರಿದಿವೆ ಎಂದು ಭಾರತದ ದುಡ್ಡಿನಲ್ಲಿ, ಭಾರತದ ರೋಗಿಗಳ ಗಡ್ಡೆಯಲ್ಲಿ, ಭಾರತದ ವಿಜ್ಞಾನಿಗಳೇ ಕಂಡುಕೊಂಡರು. ಕೈ ಮುರಿದ ಮೇಲೆ ಮಡಿಕೆ ಏನಾಯಿತು? ಆ ಪ್ರಶ್ನೆಯನ್ನು ಹಿಂಬಾಲಿಸುವುದು ಮರುದಿನದ ಕೆಲಸವಾಗಬೇಕಿತ್ತು, ರಾಷ್ಟ್ರೀಯ ಕಾರ್ಯಕ್ರಮವಾಗಬೇಕಿತ್ತು. ಬದಲಿಗೆ ದೇಶದ ಉತ್ಸಾಹವೆಲ್ಲ ಪಟ್ಟಿಯನ್ನು ಉದ್ದ ಮಾಡುವುದಕ್ಕೇ ಹರಿಯಿತು. 2025ರ ಜನವರಿಯಲ್ಲಿ 10,000 ಭಾರತೀಯರ ಜೀನೋಮಿನ ಅಕ್ಷರಮಾಲೆ ಬಿಡುಗಡೆಯಾದಾಗ ಸಂಭ್ರಮಕ್ಕೆ ಕೊರತೆ ಇರಲಿಲ್ಲ. ಆ ಕೆಲಸವೂ ಬೇಕಾದದ್ದೇ. ಆದರೆ ಅಕ್ಷರಮಾಲೆಯನ್ನೇ ಗ್ರಂಥವೆಂದು ಮೆರೆಸುವವರು ಓದಿನ ಕೆಲಸವನ್ನು ಮುಂದೂಡುತ್ತಿದ್ದಾರೆ.

ವಾರ್ಡಿನಲ್ಲಿ ಇರುವ ಧೈರ್ಯ

ಇಲ್ಲಿ ಒಂದು ವಿಚಿತ್ರವಿದೆ. ಅದೇ ಟಾಟಾ ಆಸ್ಪತ್ರೆಯ ವಾರ್ಡಿನಲ್ಲಿ ಎರವಲು ಬುದ್ಧಿ ಎಂದೋ ಹೋಗಿದೆ. ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲಿ ಕುತ್ತಿಗೆಯ ಗ್ರಂಥಿಗಳನ್ನು ಮೊದಲೇ ತೆಗೆಯಬೇಕೋ, ರೋಗ ಅಲ್ಲಿಗೆ ಹರಡುವವರೆಗೆ ಕಾಯಬೇಕೋ ಎಂದು ಜಗತ್ತಿನ ಶಸ್ತ್ರವೈದ್ಯರು ದಶಕಗಟ್ಟಲೆ ಜಗಳವಾಡಿದರು. ಅನಿಲ್ ಡಿಕ್ರೂಜ್ ಅವರ ತಂಡ ಪರೇಲಿನ ರೋಗಿಗಳಲ್ಲಿ ಪರೀಕ್ಷಿಸಿ 2015ರಲ್ಲಿ ಉತ್ತರ ಕೊಟ್ಟಿತು: ಮೊದಲೇ ತೆಗೆದರೆ ಮೂರು ವರ್ಷಗಳ ಬಳಿಕ ಬದುಕಿರುವವರು ಶೇ. 80, ಕಾದರೆ ಶೇ. 67.5. ನಿವೊಲುಮ್ಯಾಬ್ ಎಂಬ ದುಬಾರಿ ಔಷಧಿಯನ್ನು ವಾಡಿಕೆಯ ಪ್ರಮಾಣದ ಶೇ. 10ಕ್ಕಿಂತಲೂ ಕಡಿಮೆ ಕೊಟ್ಟು ನೋಡಿದ್ದೂ ಇದೇ ಆಸ್ಪತ್ರೆ. ತಲೆ-ಕುತ್ತಿಗೆಯ ಮುಂದುವರಿದ ಕ್ಯಾನ್ಸರಿನಲ್ಲಿ ಒಂದು ವರ್ಷ ಬದುಕುಳಿದವರ ಪ್ರಮಾಣ ಅದರಿಂದ ಶೇ. 16.3ರಿಂದ 43.4ಕ್ಕೆ ಏರಿತು. ಐಐಟಿ ಬಾಂಬೆಯ ಪೊವೈ ಪ್ರಯೋಗಾಲಯ ಮತ್ತು ಟಾಟಾ ಕೇಂದ್ರ ಸೇರಿ ರೂಪಿಸಿದ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿತು. ವಿದೇಶದಲ್ಲಿ ಕೋಟಿಗಳಲ್ಲಿ ಮಾರುವ ಆ ಚಿಕಿತ್ಸೆ ಇಲ್ಲಿ ಸುಮಾರು 40 ಲಕ್ಷ ರೂಪಾಯಿಯ ಆಸುಪಾಸಿಗೆ ಇಳಿಯಿತು.

ಈ ಮೂರರಲ್ಲೂ ಮುಂಬಯಿ ಕೇಳಿದ್ದು ತನ್ನ ರೋಗಿಯ ಪ್ರಶ್ನೆ. ಉತ್ತರ ಮಾತ್ರ ಜಗತ್ತಿಗೆಲ್ಲ ಬೇಕಾಯಿತು. ವಾರ್ಡಿಗೆ ಇರುವ ಈ ಸ್ವಾಭಿಮಾನ ಕೋಶಕೇಂದ್ರದ ಬಾಗಿಲಿಗೆ ಬಂದು ಯಾಕೆ ನಿಲ್ಲಬೇಕು? ಕೌಶಲ ಇಲ್ಲವೆಂದೇ? ಪುಣೆಯಲ್ಲಿ ಸಂಜೀವ ಗಲಾಂಡೆ ಕ್ರೊಮ್ಯಾಟಿನ್ನಿನ ಕುಣಿಕೆಗಳನ್ನು ಹಿಡಿದಿಡುವ ಸ್ಯಾಟ್‌ಬಿ1 ಪ್ರೊಟೀನಿನ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಅವರ ಬಳಿ ಕಲಿತ ಡಿಂಪಲ್ ನೋಟಾನಿ ಈಗ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ಜೀನ್ ಸ್ವಿಚ್ಚುಗಳ ಮೇಲೆ ಸಂಶೋಧನೆ ನಡೆಸುತ್ತಿದ್ದಾರೆ. 2013ರಲ್ಲಿ ಸ್ವಿಚ್ಚುಗಳೇ ಹೊಮ್ಮಿಸುವ ಆರ್‌ಎನ್‌ಎಗಳ ಕೆಲಸವನ್ನು ತೋರಿಸಿದ ನೇಚರ್ ಪ್ರಬಂಧದ ಮುಖ್ಯ ಲೇಖಕರಲ್ಲಿ ಅವರೊಬ್ಬರು. ಕೆಲಸ ನಡೆದದ್ದು ಕ್ಯಾಲಿಫೋರ್ನಿಯದಲ್ಲಿ, ಬಳಸಿದ ಕೋಶ ಮತ್ತೆ ಎಂಸಿಎಫ್-7. ಕೈ ಭಾರತದ್ದು, ಗಡ್ಡೆ ಭಾರತದಲ್ಲಿ, ಎರಡನ್ನೂ ಒಂದೇ ಮೇಜಿಗೆ ತರುವ ವ್ಯವಸ್ಥೆ ಮಾತ್ರ ಇಲ್ಲ.

ನಾಲ್ಕು ಆಕ್ಷೇಪಗಳು

ಮೊದಲ ಆಕ್ಷೇಪ ಗೌರವಾರ್ಹವಾದದ್ದು. ಬಾಯಿಯೊಳಗೆ ಟಾರ್ಚು ಹಾಕಿ ನೋಡಿದರೆ ಕಾಣುವ ಕ್ಯಾನ್ಸರಿಗೆ ಕೋಶಕೇಂದ್ರದ ನಕ್ಷೆ ಏಕೆ? ಗುಟ್ಕಾ ನಿಲ್ಲಿಸಿ, ತಪಾಸಣೆ ಮಾಡಿಸಿ, ಸಾಕು ಎನ್ನುತ್ತಾರೆ ಸಾರ್ವಜನಿಕ ಆರೋಗ್ಯದವರು. ಅವರ ಮಾತಿನ ಮೊದಲರ್ಧ ಪೂರ್ತಿ ಸರಿ. ಇದೇ ಮುಂಬಯಿಯ ಕೊಳೆಗೇರಿಗಳಲ್ಲಿ 1998ರಿಂದ ಸುಮಾರು 1,50,000 ಹೆಂಗಸರನ್ನು ಒಳಗೊಂಡು ಸುರೇಂದ್ರ ಶಾಸ್ತ್ರಿ ಅವರ ತಂಡ ನಡೆಸಿದ ಪ್ರಯೋಗದಲ್ಲಿ, ವಿನೆಗರಿನಂಥ ದ್ರಾವಣ ಹಚ್ಚಿ ಬರಿಗಣ್ಣಿನಿಂದ ನೋಡುವ ತಪಾಸಣೆ ಗರ್ಭಕಂಠದ ಕ್ಯಾನ್ಸರ್ ಸಾವುಗಳನ್ನು ಶೇ. 31ರಷ್ಟು ತಗ್ಗಿಸಿತು. ಅದಕ್ಕಿಂತ ಅಗ್ಗದ ಸಾಧನೆ ಇನ್ನೊಂದಿಲ್ಲ. ಆದರೆ ನಕ್ಷೆಗೆ ಕೊಡದ ದುಡ್ಡು ತಪಾಸಣೆಗೆ ಹೋಗುತ್ತದೆ ಎಂಬುದಕ್ಕೆ ಸಾಕ್ಷಿ ಎಲ್ಲಿದೆ? ಸಂಶೋಧನೆಯನ್ನು ತಡೆದು ಉಳಿಸಿದ ಹಣದಲ್ಲಿ ಯಾವ ಜಿಲ್ಲಾಸ್ಪತ್ರೆಯೂ ಎದ್ದಿಲ್ಲ. ಬಡವರ ಹೆಸರು ಹೇಳಿ ವಿಜ್ಞಾನವನ್ನು ನಿರಾಕರಿಸುವವರು ಬಡವರಿಗೆ ಎರಡನ್ನೂ ಕೊಡುವುದಿಲ್ಲ. ಜೊತೆಗೆ, ಫೈಬ್ರೋಸಿಸ್ ಇರುವ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಯಾರಿಗೆ ಬರುತ್ತದೆ ಎಂಬುದನ್ನು ಟಾರ್ಚು ಹೇಳಲಾರದು. ಬಿಗಿದ ಕೆನ್ನೆಯ ಕೋಶದಲ್ಲಿ ಯಾವ ಸೇತುವೆ ಮೊದಲು ಎದ್ದಿತು, ಅದೇ ಕೆನ್ನೆ ಗಡ್ಡೆಯಾದಾಗ ಯಾವುದು ಬಿದ್ದಿತು ಎಂದು ಹೋಲಿಸಿ ನೋಡುವುದೇ ಈ ಪ್ರಶ್ನೆಗೆ ಇರುವ ದಾರಿಗಳಲ್ಲೊಂದು. ಅದಕ್ಕೆ ಬೇಕಾದಷ್ಟು ರೋಗಿಗಳು ಬಾಸ್ಟನ್ನಿನಲ್ಲಿಲ್ಲ, ಪರೇಲಿನಲ್ಲಿದ್ದಾರೆ.

ಎರಡನೆಯದು, ಮಡಿಕೆ ಎಲ್ಲ ಮನುಷ್ಯರಲ್ಲೂ ಒಂದೇ, ಹೊರಗಿನವರ ನಕ್ಷೆಯನ್ನೇ ಬಳಸಬಹುದು ಎಂಬ ವಾದ. ಅರ್ಧ ನಿಜ. ವರ್ಣತಂತುಗಳು ದೊಡ್ಡ ದೊಡ್ಡ ಮೊಹಲ್ಲಾಗಳಾಗಿ ವಿಂಗಡವಾಗಿವೆ, ಆ ಮೊಹಲ್ಲಾಗಳ ಗಡಿ ಬಹುಮಟ್ಟಿಗೆ ಎಲ್ಲ ಬಗೆಯ ಕೋಶಗಳಲ್ಲೂ ಒಂದೇ ಎಂದು 2012ರಲ್ಲಿ ಗೊತ್ತಾಗಿದೆ. ಆದರೆ ಮೊಹಲ್ಲಾದ ಒಳಗೆ ಯಾವ ಸ್ವಿಚ್ಚು ಯಾವ ಜೀನನ್ನು ಮುಟ್ಟುತ್ತದೆ ಎಂಬುದು ಕೋಶದಿಂದ ಕೋಶಕ್ಕೆ ಬೇರೆ. ಸ್ತನದ ಕೋಶದ ಸೇತುವೆಗಳು ಕೆನ್ನೆಯ ಕೋಶದವಲ್ಲ. ಎರವಲು ಮಾನದಂಡ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದನ್ನು ಆಕ್ಟ್ರೆಕ್‌ನ ಅಮಿತ್ ದತ್ ಅವರ ಪ್ರಯೋಗಾಲಯ 2016ರಲ್ಲೇ ತೋರಿಸಿದೆ. ವಿದೇಶಿ ದತ್ತಾಂಶದಲ್ಲಿ ಇಲ್ಲದ ಸಹಜ ಅಕ್ಷರಭೇದಗಳನ್ನು ಭಾರತೀಯ ಗಡ್ಡೆಯಲ್ಲಿ ಕಂಡಾಗ ಅವು ಕ್ಯಾನ್ಸರಿನ ಬದಲಾವಣೆಗಳಂತೆ ತೋರುತ್ತವೆ. ಹಾಗಾಗದಂತೆ ಆ ತಂಡ 62 ಸಹಜ ಮಾದರಿಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯ ಅಕ್ಷರಭೇದಗಳ ಕೋಶವನ್ನು ಕಟ್ಟಿತು. ಅಕ್ಷರಕ್ಕೆ ಬೇಕಾದ ಎಚ್ಚರ ಮಡಿಕೆಗೆ ಬೇಡವೇ?

ಮೂರನೆಯದು ಖರ್ಚು. ನೂರಾರು ಕೋಟಿ ತುಂಡುಗಳನ್ನು ಓದುವುದು ದುಬಾರಿ ಎಂಬುದು ನಿಜ. ಆದರೆ ಈ ವಾದ 2009ರಲ್ಲೇ ನಿಂತುಬಿಟ್ಟಿದೆ. 2016ರಲ್ಲಿ ಬಂದ ಹೈ-ಚಿಪ್ ಎಂಬ ವಿಧಾನ, ಸಿಂಗಪುರದ ಹಳೆಯ ವಿಧಾನಕ್ಕೆ ಹೋಲಿಸಿದರೆ, ಉಪಯುಕ್ತ ಓದನ್ನು ಹತ್ತು ಪಟ್ಟು ಹೆಚ್ಚಿಸಿ, ಬೇಕಾಗುವ ಕೋಶಗಳ ಸಂಖ್ಯೆಯನ್ನು ನೂರು ಪಟ್ಟು ತಗ್ಗಿಸಿತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಚೂರಿನಿಂದಲೇ ನಕ್ಷೆ ಬರೆಯುವುದು ಈಗ ಕನಸಲ್ಲ. ಗಡ್ಡೆಯಲ್ಲಿ ರಕ್ತದ, ರೋಗನಿರೋಧಕ ಕೋಶಗಳೂ ಬೆರೆತಿರುತ್ತವೆ, ನಕ್ಷೆ ಕಲಸುಮೇಲೋಗರವಾಗಬಹುದು ಎಂಬ ತಾಂತ್ರಿಕ ತೊಡಕು ಇದ್ದೇ ಇದೆ. ಅದನ್ನು ಬಿಡಿಸಲು ಬೇಕಾದವರು ಗಡ್ಡೆಯ ಚೂರು ನೋಡಿ ಪಳಗಿದ ಪೆಥಾಲಜಿಸ್ಟರು. ಅವರ ದೊಡ್ಡ ಪಡೆ ಇರುವುದು ಪರೇಲಿನಲ್ಲೇ.

ನಾಲ್ಕನೆಯ ಆಕ್ಷೇಪವನ್ನು ನಕ್ಷೆಯ ಭಕ್ತರ ವಿರುದ್ಧವೇ ಎತ್ತಬೇಕು. ನಕ್ಷೆ ಮದ್ದಲ್ಲ. ಸ್ವಿಚ್ಚುಗಳ ಮೇಲೆ ಕುಳಿತ ಪ್ರೊಟೀನುಗಳನ್ನು ಕಿತ್ತು ಮಿಕ್ ಜೀನನ್ನು ಆರಿಸುವ ಬೆಟ್ ಪ್ರತಿರೋಧಕ ಔಷಧಿಗಳು 2010ರ ಸುಮಾರಿಗೆ ಪ್ರಯೋಗಾಲಯದಲ್ಲಿ ಭಾರೀ ಭರವಸೆ ಹುಟ್ಟಿಸಿದವು. ರೋಗಿಗಳ ದೇಹದಲ್ಲಿ ಅವು ರಕ್ತದ ಕಿರುಬಿಲ್ಲೆಗಳನ್ನು ತಗ್ಗಿಸಿದವು, ಲಾಭ ಬಹುಕಾಲ ಉಳಿಯಲಿಲ್ಲ. ಎರಡು ಭಾಗಗಳು ತಾಗಿಕೊಂಡಿವೆ ಎಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಆಳುತ್ತದೆ ಎಂದೂ ಅಲ್ಲ. ನೆರೆಮನೆಯವರೆಲ್ಲ ನೆಂಟರಲ್ಲ. ಪ್ರತಿ ಸೇತುವೆಯನ್ನೂ ಕತ್ತರಿಸಿ ನೋಡಿ ಸಾಬೀತುಪಡಿಸಬೇಕು. ಬಣ್ಣದ ಚೌಕಗಳ ಚಿತ್ರ ಮುದ್ರಿಸಿ ಕ್ಯಾನ್ಸರಿನ ಗುಟ್ಟು ಬಯಲು ಎಂದು ಪತ್ರಿಕಾಗೋಷ್ಠಿ ಕರೆಯುವವರು ಈ ಕ್ಷೇತ್ರದ ಶತ್ರುಗಳು.

ನಕ್ಷೆ ಯಾರದ್ದೋ, ಬೆಲೆ ಅವರದ್ದು

ಮದ್ದಲ್ಲದಿದ್ದರೆ ನಕ್ಷೆಯ ಹಟ ಏಕೆ? ಉತ್ತರ ಕ್ಯಾನ್ಸರಿನ ಹೊರಗೆ, ಕುಡಗೋಲು ಕಣ ರೋಗದಲ್ಲಿದೆ. ಬಿಸಿಎಲ್11ಎ ಎಂಬ ಜೀನನ್ನು ರಕ್ತಕೋಶದಲ್ಲಿ ಮಾತ್ರ ಹೊತ್ತಿಸುವ ಸ್ವಿಚ್ಚು ಎಲ್ಲಿದೆ ಎಂದು ಬಾಸ್ಟನ್ನಿನ ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಹತ್ತು ವರ್ಷಗಳ ನಂತರ ಅದೇ ಸ್ವಿಚ್ಚನ್ನು ಕತ್ತರಿಸುವ ಚಿಕಿತ್ಸೆಗೆ ಬ್ರಿಟನ್ನೂ ಅಮೆರಿಕವೂ ಒಪ್ಪಿಗೆ ಕೊಟ್ಟವು. ಜಗತ್ತಿನಲ್ಲಿ ಈ ರೋಗದ ಹೊರೆ ಹೊತ್ತವರಲ್ಲಿ ನಂದುರ್ಬಾರ್, ಗಡಚಿರೋಲಿಯ ಆದಿವಾಸಿಗಳೂ ಇದ್ದಾರೆ. ಅಮೆರಿಕದಲ್ಲಿ ಚಿಕಿತ್ಸೆಯ ಬೆಲೆ 22 ಲಕ್ಷ ಡಾಲರ್. ಸ್ವಿಚ್ಚು ಎಲ್ಲಿದೆ ಎಂದು ಕಂಡವರ ಕೈಯಲ್ಲಿ ಪೇಟೆಂಟು, ಪೇಟೆಂಟು ಹಿಡಿದವರ ಕೈಯಲ್ಲಿ ಬೆಲೆ. ಕಾರ್-ಟಿಯನ್ನು ಪೊವೈಯಲ್ಲಿ ಕಟ್ಟಿದ್ದರಿಂದ ಬೆಲೆ ಇಳಿಯಿತು. ನಾಳೆ ಕೆನ್ನೆಯ ಕ್ಯಾನ್ಸರಿನ ಸ್ವಿಚ್ಚನ್ನು ಯಾರೋ ಎಲ್ಲೋ ಕಂಡರೆ, ಅಥವಾ ಲಾಭವಿಲ್ಲವೆಂದು ಯಾರೂ ಹುಡುಕದೇ ಹೋದರೆ, ನಷ್ಟ ಯಾದಗಿರಿಯಿಂದ ರೈಲು ಹತ್ತಿದವನದೇ.

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಅಣುಶಕ್ತಿ ಇಲಾಖೆ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಕೆನ್ನೆ-ವಸಡಿನ ಕ್ಯಾನ್ಸರಿನ ಕ್ರೊಮ್ಯಾಟಿನ್ ನಕ್ಷೆಯನ್ನು ಹೆಸರಿಟ್ಟು, ಗಡುವಿಟ್ಟು ಕೈಗೆತ್ತಿಕೊಳ್ಳಲಿ. ಮುಂಬಯಿಯ ಗಡ್ಡೆ, ಪುಣೆ-ಬೆಂಗಳೂರಿನ ಕೌಶಲ ಒಂದೇ ಯೋಜನೆಯಲ್ಲಿ ಕೂಡಲಿ. ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಬಂದ ಗಡ್ಡೆಯ ಒಂದು ಚೂರನ್ನು ಮಡಿಕೆ ಕೆಡುವ ಮುನ್ನವೇ ಹೆಪ್ಪುಗಟ್ಟಿಸಿಡುವುದು ವಾಡಿಕೆಯಾಗಲಿ. ಫೈಬ್ರೋಸಿಸ್ ಹಂತ, ಗಡ್ಡೆಯ ಹಂತ ಮತ್ತು ಪಕ್ಕದ ಆರೋಗ್ಯವಂತ ಅಂಗಾಂಶ, ಮೂರರ ನಕ್ಷೆಯೂ ಒಬ್ಬನೇ ರೋಗಿಯಿಂದ ಸಿಗುವಲ್ಲಿ ಸಿಗಲಿ. ದತ್ತಾಂಶ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿ ನೆಲೆಸಲಿ, ಈ ದೇಶದ ಸಣ್ಣ ಊರಿನ ವಿದ್ಯಾರ್ಥಿಗೂ ತೆರೆದಿರಲಿ.

ಇನ್ನೊಂದು ಬೇಡಿಕೆಯನ್ನು ವಿಜ್ಞಾನಿಗಳು ಸುಲಭವಾಗಿ ಮರೆಯುತ್ತಾರೆ. ಹೆನ್ರಿಯೆಟಾ ಲ್ಯಾಕ್ಸ್‌ಳನ್ನು ಯಾರೂ ಕೇಳಲಿಲ್ಲ. ಮುಂಬಯಿಯ ಗರ್ಭಕಂಠ ಪ್ರಯೋಗದಲ್ಲೂ ತಪಾಸಣೆ ಸಿಗದ ಹೋಲಿಕೆ ಗುಂಪಿನ ಸಾವಿರಾರು ಹೆಂಗಸರ ಬಗ್ಗೆ ಗಂಭೀರ ನೈತಿಕ ಟೀಕೆ ಎದ್ದಿತು. ಗಡ್ಡೆ ಕೊಡುವವನಿಗೆ ಸಹಿ ಹಾಕುವ ಕಾಗದ ಅವನ ಭಾಷೆಯಲ್ಲಿರಬೇಕು. ಪರೇಲಿಗೆ ಬರುವವರಲ್ಲಿ ಕನ್ನಡಿಗನಿದ್ದಾನೆ, ಬಿಹಾರಿ ಇದ್ದಾನೆ, ಬಂಗಾಳಿ ಇದ್ದಾನೆ. ಇಂಗ್ಲಿಷಿನ ನಾಲ್ಕು ಪುಟಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಪಡೆದ ಗಡ್ಡೆಯಿಂದ ಬರೆದ ನಕ್ಷೆ ಸ್ವದೇಶಿಯಾದರೂ ಕದ್ದದ್ದೇ. ನಕ್ಷೆಯಿಂದ ಮದ್ದು ಹುಟ್ಟಿದರೆ ಅದು ಸರಕಾರಿ ಆಸ್ಪತ್ರೆಯ ದರದಲ್ಲಿ ಸಿಗಬೇಕು ಎಂಬ ಷರತ್ತು ಮೊದಲ ದಿನದ ಕರಾರಿನಲ್ಲೇ ಇರಬೇಕು.

ಅರ್ನೆಸ್ಟ್ ಬೋರ್ಜಿಸ್ ರಸ್ತೆಯ ಫುಟ್‌ಪಾತಿನಲ್ಲಿ ಚಾಪೆ ಹಾಸಿ ಸರದಿಗೆ ಕಾಯುವ ಕುಟುಂಬಗಳು ವರ್ಷವಿಡೀ ಕಾಣುತ್ತವೆ. ಮೂಗಿನಲ್ಲಿ ನಳಿಕೆ, ಕೆನ್ನೆಯ ಮೇಲೆ ಬ್ಯಾಂಡೇಜು, ಕೈಯಲ್ಲಿ ಬರೆದು ತೋರಿಸಲು ಒಂದು ಪುಸ್ತಕ. ಮಾತಾಡಲಾಗದ ಆ ಜನ ತಮ್ಮ ಗಡ್ಡೆಯನ್ನು ಈ ನಗರಕ್ಕೆ ಕೊಟ್ಟು ಊರಿಗೆ ಮರಳುತ್ತಾರೆ. ಅವರು ಕೊಟ್ಟದ್ದರಲ್ಲಿ ಬರೆದಿರುವುದನ್ನು ಕೊನೆಯ ಮಡಿಕೆಯವರೆಗೂ ಓದುವುದು ಮುಂಬಯಿ ಅವರಿಗೆ ತೀರಿಸಬೇಕಾದ ಸಾಲ.